ಹುಡುಗಿಯರ ‘ಮೇಲುಗೈ’: ತರಗತಿಯೊಳಗಿನ ಲೆಕ್ಕವೇ ಬೇರೆ

ಸಂಪಾದಕರಿಗೆ ನಮಸ್ಕಾರ,

ಪರೀಕ್ಷೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಒಂದು ಸಾಲು ತಪ್ಪದೇ ಕಾಣಿಸುತ್ತದೆ: ‘ಈ ಬಾರಿಯೂ ಹುಡುಗಿಯರದೇ ಮೇಲುಗೈ’. ಆ ಸಾಲು ಓದಿದಾಗ ಆಗುವ ಸಂತೋಷ ನಮಗೂ ಆಗುತ್ತದೆ. ಆದರೆ ಅದನ್ನೇ ಹಿಡಿದುಕೊಂಡು ‘ಶಿಕ್ಷಣದಲ್ಲಿ ಸಮಾನತೆ ಬಂದಾಯಿತು, ಇನ್ನು ಸ್ತ್ರೀವಾದಿಗಳಿಗೆ ಇಲ್ಲೇನು ಕೆಲಸ’ ಎಂದು ವಾದಿಸುವವರೂ ಇದ್ದಾರೆ. ಆ ವಾದ ಏಕೆ ನಿಲ್ಲುವುದಿಲ್ಲ, ಅಂಕಪಟ್ಟಿಯ ಬದಲು ಏನನ್ನು ಎಣಿಸಬೇಕು, ಹೇಗೆ ಎಣಿಸಬೇಕು ಎಂಬುದನ್ನು ಹೇಳಲು ಈ ಪತ್ರ.

ಅಂಕದಲ್ಲಿ ಮೇಲುಗೈ ಹೊಸದಲ್ಲ. 1890ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯಲ್ಲಿ ಫಿಲಿಪ್ಪಾ ಫಾಸೆಟ್ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದರು. ಮೊದಲ ಸ್ಥಾನ ಬಂದ ಗಂಡಸಿಗೆ ‘ಸೀನಿಯರ್ ರ‍್ಯಾಂಗ್ಲರ್’ ಎಂಬ ಬಿರುದು ಸಿಗುತ್ತಿತ್ತು. ಹೆಂಗಸರ ಪಟ್ಟಿ ಬೇರೆ. ಹಾಗಾಗಿ ಆಕೆಯ ಹೆಸರನ್ನು ‘ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ’ ಎಂದು ಓದಿ ಹೇಳಿದರು. ಅಷ್ಟೆ, ಪದವಿ ಕೊಡಲಿಲ್ಲ. ಆ ವಿಶ್ವವಿದ್ಯಾಲಯ ಹೆಂಗಸರಿಗೆ ಪೂರ್ಣ ಪದವಿ ಕೊಡತೊಡಗಿದ್ದು 1948ರಲ್ಲಿ. ಎಲ್ಲರಿಗಿಂತ ಮೇಲೆ ಎಂಬ ಘೋಷಣೆಗೂ ಪದವಿ ಪತ್ರಕ್ಕೂ ನಡುವೆ 58 ವರ್ಷ. ಅಂಕ ಒಂದು, ಸ್ಥಾನಮಾನ ಇನ್ನೊಂದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಸ್ತ್ರೀವಾದ ಎಂದರೆ ಒಂದೇ ಪ್ರಶ್ನೆ ಕೇಳುವ ಒಂದೇ ಪಂಗಡ ಎಂಬ ತಿಳಿವಳಿಕೆಯೂ ಸರಿಯಲ್ಲ. ಹೆಣ್ಣಿನ ಶಿಕ್ಷಣವೆಲ್ಲ ಗಂಡಿನ ಅನುಕೂಲಕ್ಕಾಗಿ ಇರಬೇಕು ಎಂದು ತತ್ವಜ್ಞಾನಿ ರೂಸೋ 1762ರಲ್ಲಿ ಬರೆದಿದ್ದಕ್ಕೆ 1792ರಲ್ಲಿ ಉತ್ತರ ಕೊಟ್ಟ ಇಂಗ್ಲಿಷ್ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್, ಹುಡುಗ ಹುಡುಗಿಯರು ಒಂದೇ ಶಾಲೆಯಲ್ಲಿ ಜೊತೆಯಾಗಿ ಕಲಿಯಲಿ ಎಂದರು. ಅದು ಬಾಗಿಲು ತೆರೆಯಿರಿ ಎಂಬ ಪ್ರಶ್ನೆ. ಬಾಗಿಲು ತೆರೆದ ಮೇಲೆ ಒಳಗೆ ಏನಾಗುತ್ತದೆ ಎಂಬುದು 1970ರ ದಶಕದ ನಂತರ ಜೋರಾಗಿ ಕೇಳಿಬಂದ ಪ್ರಶ್ನೆ. ಯಾರು ಮಾತಾಡುತ್ತಾರೆ, ಪಠ್ಯದಲ್ಲಿ ಯಾರು ಏನು ಮಾಡುತ್ತಾರೆ, ಯಾವ ಹೊಗಳಿಕೆ ಯಾರಿಗೆ? ಮನೆಗೆಲಸದ ಹೊರೆ ಹೊತ್ತ ಮಗು ಓದುವುದು ಯಾವಾಗ ಎಂದು ಕೇಳಿದವರು ಇನ್ನೊಂದು ಧಾರೆಯವರು. ‘ಹುಡುಗಿಯರು’ ಎಂದರೆ ಯಾವ ಹುಡುಗಿಯರು ಎಂಬುದು ಮತ್ತೊಂದು ಪ್ರಶ್ನೆ. ಲಿಂಗ, ಜಾತಿ, ವರ್ಗ, ಜನಾಂಗ ಒಂದರೊಳಗೊಂದು ಹೆಣೆದುಕೊಂಡೇ ಬದುಕನ್ನು ತಟ್ಟುತ್ತವೆ ಎಂಬ ಅರಿವು 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ನಿಂತ ಸಾವಿತ್ರಿಬಾಯಿ ಫುಲೆ ಅವರ ಕೆಲಸದಲ್ಲೇ ಇತ್ತು. 1989ರಲ್ಲಿ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ ಅದಕ್ಕೆ ‘ಇಂಟರ್‌ಸೆಕ್ಷನಾಲಿಟಿ’ ಎಂಬ ಶಾಸ್ತ್ರೀಯ ಹೆಸರು ಕೊಟ್ಟರು. ‘ಮೇಲುಗೈ’ ಎಂಬ ತಲೆಬರಹ ಉತ್ತರಿಸುವುದು ಇವುಗಳಲ್ಲಿ ಮೊದಲ ಪ್ರಶ್ನೆಯನ್ನು, ಅದೂ ಅರ್ಧ.

ತರಗತಿಯ ಮಾತಿನಿಂದಲೇ ಶುರುಮಾಡುತ್ತೇವೆ. ಶಿಕ್ಷಕರೊಬ್ಬರು ಯಾರ ಅಪ್ಪಣೆಗೂ ಕಾಯದೆ ನಾಳೆಯೇ ಬದಲಿಸಬಹುದಾದದ್ದು ಇದು.

‘ನಾನು ಎಲ್ಲರನ್ನೂ ಸಮಾನವಾಗಿ ಮಾತಾಡಿಸುತ್ತೇನೆ’ ಎಂದು ಹೇಳದ ಶಿಕ್ಷಕರು ಅಪರೂಪ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೇ ಅನ್ನಿಸುತ್ತದೆ. ಸ್ತ್ರೀವಾದಿ ವಿದ್ವಾಂಸೆ ಡೇಲ್ ಸ್ಪೆಂಡರ್ ತಮ್ಮದೇ ಪಾಠಗಳನ್ನು ಧ್ವನಿಮುದ್ರಿಸಿ ಎಣಿಸಿದರು. ಸಮಾನವಾಗಿರಲೇಬೇಕು ಎಂದು ಪ್ರಯತ್ನಪಟ್ಟಾಗಲೂ ಹುಡುಗಿಯರ ಜೊತೆಗಿನ ಮಾತುಕತೆಗೆ ಸಿಕ್ಕಿದ್ದು ಸರಾಸರಿ ಶೇ 38ರಷ್ಟು ಸಮಯ, ಹೆಚ್ಚೆಂದರೆ ಶೇ 42 ಎಂದು 1982ರಲ್ಲಿ ಬರೆದರು. ಎಣಿಸಿದ ಪಾಠಗಳು ಕಡಿಮೆ ಎಂಬ ಟೀಕೆ ಆ ಲೆಕ್ಕಕ್ಕೆ ಇದೆ, ನ್ಯಾಯವಾದ ಟೀಕೆಯೇ. ಆದರೆ ಅವರು ಗಮನಿಸಿದ ಇನ್ನೊಂದು ಸಂಗತಿ ಮರೆಯುವಂಥದ್ದಲ್ಲ: ಅಷ್ಟಾದಾಗಲೇ ‘ಹುಡುಗಿಯರಿಗೇ ಹೆಚ್ಚು ಕೊಡುತ್ತಿದ್ದೇನೆ’ ಎಂದು ಸ್ವತಃ ಅವರಿಗೂ ಅನ್ನಿಸಿತು, ಹುಡುಗರಿಗೂ ಅನ್ನಿಸಿತು. ಆದ್ದರಿಂದ ಅನ್ನಿಸಿಕೆಯನ್ನು ಬದಿಗಿಟ್ಟು ಎಣಿಸಬೇಕು.

ಎಣಿಸಲು ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲು, ಹಿಂದಿನ ಬೆಂಚಿನಲ್ಲಿ ಕೂರಲು ಒಬ್ಬ ಸಹೋದ್ಯೋಗಿ. ಹಾಳೆಯ ಮೇಲೆ ತರಗತಿಯ ನಕ್ಷೆ ಬರೆದು, ಕೂತಿರುವ ಕ್ರಮದಲ್ಲೇ ಮಗುವಿಗೊಂದು ಚೌಕ ಹಾಕಿ. ಹೆಸರು ಬೇಡ, ‘ಹೆ’ ಅಥವಾ ‘ಗಂ’ ಎಂದಿದ್ದರೆ ಸಾಕು. ಶಿಕ್ಷಕಿ ತಾವಾಗಿ ಒಂದು ಮಗುವನ್ನು ಕೇಳಿದರೆ ಆ ಚೌಕದಲ್ಲಿ ‘ಕೇ’, ಕೈ ಎತ್ತಿದವರಿಗೆ ಅವಕಾಶ ಕೊಟ್ಟರೆ ‘ಕೈ’, ಅವಕಾಶಕ್ಕೆ ಕಾಯದೆ ಕೂಗಿ ಹೇಳಿದ ಉತ್ತರವನ್ನು ತೆಗೆದುಕೊಂಡರೆ ‘ಕೂ’. ಪ್ರಶ್ನೆ ‘ಏನು, ಯಾವುದು, ಎಷ್ಟು’ ಬಗೆಯದಾದರೆ ಅಕ್ಷರ ಹಾಗೇ ಇರಲಿ, ‘ಏಕೆ, ಹೇಗೆ’ ಬಗೆಯದಾದರೆ ಕೆಳಗೊಂದು ಗೆರೆ ಎಳೆಯಿರಿ. ಇಷ್ಟಕ್ಕಿಂತ ಹೆಚ್ಚು ಗುರುತು ಇಟ್ಟುಕೊಂಡರೆ ಬರೆಯುವವರು ಹಿಂದೆ ಬೀಳುತ್ತಾರೆ, ಅರ್ಧ ಮಾತು ಕೈಬಿಟ್ಟು ಹೋಗುತ್ತದೆ.

ಮೊದಲ ಸಲದ ಹಾಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಯಾರೋ ನೋಡುತ್ತಿದ್ದಾರೆ ಎಂದಾಗ ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಎರಡು ವಾರಗಳಲ್ಲಿ ಕನಿಷ್ಠ 4 ಪಾಠ, ಎರಡು ಬೇರೆ ಬೇರೆ ವಿಷಯ, ಪ್ರತಿ ಪಾಠದ ಮೊದಲ 10 ನಿಮಿಷ ಬಿಟ್ಟು. ಒಂದು ದಿನದ ಲೆಕ್ಕ ಆ ದಿನದ ಪಾಠವನ್ನು ಹೇಳುತ್ತದೆ, ರೂಢಿಯನ್ನಲ್ಲ.

ಈಗ ಲೆಕ್ಕ. ಉದಾಹರಣೆಗೆ, 40 ಮಕ್ಕಳಲ್ಲಿ 22 ಹುಡುಗಿಯರು, ಅಂದರೆ ಶೇ 55. ಒಟ್ಟು 60 ಸಲ ಮಾತಿನ ಸರದಿ ಬಂತು, ಅದರಲ್ಲಿ ಹುಡುಗಿಯರದು 21, ಅಂದರೆ ಶೇ 35. 35ನ್ನು 55ರಿಂದ ಭಾಗಿಸಿದರೆ 0.64. ಪಾಲಿಗೆ ತಕ್ಕಷ್ಟು ಮಾತು ಸಿಕ್ಕಿದ್ದರೆ ಅದು 1 ಇರಬೇಕಿತ್ತು. ಇಲ್ಲಿಗೇ ನಿಲ್ಲಿಸಿ ‘ಶಿಕ್ಷಕಿ ಪಕ್ಷಪಾತಿ’ ಎಂದರೆ ತಪ್ಪಾಗುತ್ತದೆ. ‘ಕೂ’ ಗುರುತುಗಳನ್ನು ತೆಗೆದು ಇನ್ನೊಮ್ಮೆ ಲೆಕ್ಕ ಹಾಕಬೇಕು. ಆ 60ರಲ್ಲಿ 20 ಕೂಗಿ ಹೇಳಿದವು, ಅವುಗಳಲ್ಲಿ ಹುಡುಗಿಯರವು 3 ಎಂದಿಟ್ಟುಕೊಳ್ಳಿ. ಉಳಿದ 40ರಲ್ಲಿ ಹುಡುಗಿಯರದು 18, ಶೇ 45. ಅನುಪಾತ 0.82ಕ್ಕೆ ಏರಿತು. ಅಂದರೆ ಅಂತರದ ಅರ್ಧದಷ್ಟು ಹುಟ್ಟಿದ್ದು ಪ್ರಶ್ನೆ ಕೇಳುವ ರೀತಿಯಿಂದಲ್ಲ, ಕೂಗಿದವರ ಉತ್ತರಕ್ಕೆ ‘ಹೂಂ, ಸರಿ’ ಎಂದು ಮುಂದೆ ಹೋಗುವ ರೂಢಿಯಿಂದ. ಕಾಯಿಲೆ ಎರಡು, ಮದ್ದೂ ಎರಡು. ಆಮೇಲೆ ಗೆರೆ ಎಳೆದ ಅಕ್ಷರಗಳನ್ನಷ್ಟೇ ಎಣಿಸಿ. ಒಟ್ಟು ಸರದಿಯಲ್ಲಿ ಸಮಾನತೆ ಕಂಡರೂ ‘ಏಕೆ, ಹೇಗೆ’ ಪ್ರಶ್ನೆಗಳು ಒಂದೇ ಕಡೆ ವಾಲಿರಬಹುದು. ಹುಡುಗಿಗೆ ಸೂತ್ರ ಹೇಳುವ ಪ್ರಶ್ನೆ, ಹುಡುಗನಿಗೆ ಸೂತ್ರ ಎಲ್ಲಿಂದ ಬಂತು ಎಂಬ ಪ್ರಶ್ನೆ ಬರುತ್ತಿದ್ದರೆ ಮಾತಿನ ಪಾಲು ಸರಿ ಇದ್ದೂ ಕಲಿಕೆಯ ಪಾಲು ಸರಿ ಇಲ್ಲ.

ಕೊನೆಯದಾಗಿ ಖಾಲಿ ಚೌಕಗಳನ್ನು ನೋಡಿ. ನಾಲ್ಕೂ ಪಾಠಗಳಲ್ಲಿ ಒಂದೂ ಗುರುತು ಬೀಳದ ಮಕ್ಕಳು ಯಾರು? ಅವರಲ್ಲಿ ಹುಡುಗರೂ ಇರುತ್ತಾರೆ. ಬಲವಾಗಿ ಮಾತಾಡುವ ನಾಲ್ಕೈದು ಹುಡುಗರ ಸರದಿಯನ್ನೇ ‘ಹುಡುಗರ ಪಾಲು’ ಎಂದು ಲೆಕ್ಕ ಹಾಕಿದಾಗ ಮೌನವಾಗಿರುವ ಹುಡುಗರು ಮರೆಯಾಗುತ್ತಾರೆ. ಖಾಲಿ ಚೌಕಗಳು ಕೊಠಡಿಯ ಯಾವ ಮೂಲೆಯಲ್ಲಿವೆ, ಆ ಮಕ್ಕಳ ಮನೆಮಾತು ಪಾಠದ ಭಾಷೆಯೇ ಹೌದೇ, ಅವರು ಯಾವ ಹಿನ್ನೆಲೆಯವರು ಎಂದು ಕೇಳದೆ ‘ಹೆ’ ಮತ್ತು ‘ಗಂ’ ಅಷ್ಟನ್ನೇ ಕೂಡಿ ಕಳೆದರೆ ಮೇಲಿನ ಸ್ತರದ ಹುಡುಗಿಯರಿಗೆ ಸಿಕ್ಕಿದ್ದು ಎಲ್ಲ ಹುಡುಗಿಯರ ಲೆಕ್ಕಕ್ಕೆ ಜಮಾ ಆಗುತ್ತದೆ.

ಆ ಹಾಳೆ ಶಿಕ್ಷಕಿಯ ಕೈಗೆ ಹೋಗಬೇಕು, ಮುಖ್ಯಸ್ಥರ ಕಡತಕ್ಕಲ್ಲ. ಒಮ್ಮೆ ಅದು ಮೌಲ್ಯಮಾಪನದ ಅಸ್ತ್ರವಾಯಿತೆಂದರೆ ಮುಂದಿನ ಸಲ ಯಾರೂ ಹಿಂದಿನ ಬೆಂಚಿಗೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ.

ಸರಿಪಡಿಸುವುದಕ್ಕೆ ದೊಡ್ಡ ಖರ್ಚಿಲ್ಲ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು ತೋರಿಸಿದಂತೆ ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ಉದ್ದವಾದವು, ಮಾತಾಡುವ ಮಕ್ಕಳು ಹೆಚ್ಚಿದರು. ಒಂದೇ ಸೆಕೆಂಡು ಕಾದರೆ ಅವಕಾಶ ಸಿಗುವುದು ತಪ್ಪಾದರೂ ಪರವಾಗಿಲ್ಲ ಎಂದು ಧೈರ್ಯವಾಗಿ ಬಾಯಿಬಿಡುವವರಿಗೆ. ತಪ್ಪು ಹೇಳಿದರೆ ನಗುತ್ತಾರೆ ಎಂದು ಕಲಿತಿರುವ ಮಗು ಆ ಹೊತ್ತಿಗೆ ಇನ್ನೂ ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿರುತ್ತದೆ. ಮೂರು ಸೆಕೆಂಡಿನ ಮೌನ ಆರಂಭದಲ್ಲಿ ಬಹಳ ದೀರ್ಘ ಅನ್ನಿಸುತ್ತದೆ. ಮನಸ್ಸಿನಲ್ಲಿ ನಿಧಾನವಾಗಿ ಮೂರು ಎಣಿಸಿಕೊಳ್ಳುವುದೊಂದೇ ದಾರಿ.

ಇನ್ನೊಂದು ಉಪಾಯ ಚೀಟಿಯದು. ಎಲ್ಲ ಮಕ್ಕಳ ಹೆಸರು ಬರೆದ ಚೀಟಿಗಳು ಒಂದು ಡಬ್ಬಿಯಲ್ಲಿ, ಎತ್ತಿದ್ದು ಎರಡನೇ ಡಬ್ಬಿಗೆ. ಮೊದಲನೆಯದು ಪೂರ್ತಿ ಖಾಲಿಯಾದ ಮೇಲಷ್ಟೇ ಅದಲುಬದಲು. ಇದು ಕೆಡುವುದು ಎರಡು ಕಡೆ. ಎತ್ತಿದ ಚೀಟಿಯನ್ನು ಅದೇ ಡಬ್ಬಿಗೆ ವಾಪಸ್ ಹಾಕಿದರೆ ಕೆಲವರಿಗೆ ಮತ್ತೆ ಮತ್ತೆ, ಕೆಲವರಿಗೆ ಎಂದೂ ಇಲ್ಲ. ಹೆಸರು ಮೊದಲು ಎತ್ತಿ ಆಮೇಲೆ ಪ್ರಶ್ನೆ ಕೇಳಿದರೆ ಉಳಿದ 39 ಮಕ್ಕಳು ಆ ಕ್ಷಣವೇ ಯೋಚಿಸುವುದನ್ನು ಬಿಡುತ್ತಾರೆ. ಪ್ರಶ್ನೆ, ಮೌನ, ಆಮೇಲೆ ಚೀಟಿ. ಕಷ್ಟದ ಪ್ರಶ್ನೆಯಾದರೆ ಮೊದಲು ಒಂದು ನಿಮಿಷ ಬರೆಯಲು ಬಿಟ್ಟು, ಪಕ್ಕದವರ ಜೊತೆ ಮಾತಾಡಿಸಿ, ನಂತರ ಕೇಳಿ. ಗೊತ್ತಿಲ್ಲ ಎನ್ನುವ ಮಗುವಿಗೆ ‘ಆಗಲಿ, ಇನ್ನಿಬ್ಬರದು ಕೇಳಿ ಮತ್ತೆ ನಿನ್ನ ಹತ್ತಿರ ಬರುತ್ತೇನೆ’ ಎಂದು ಹೇಳಿ, ನಿಜವಾಗಿಯೂ ವಾಪಸ್ ಬರಬೇಕು. ಆರು ವಾರ ಹೀಗೆ ನಡೆಸಿ ಮತ್ತೆ ಎಣಿಸಿದರೆ ವ್ಯತ್ಯಾಸ ಹಾಳೆಯ ಮೇಲೆಯೇ ಕಾಣುತ್ತದೆ.

ಮಾತಿನಷ್ಟೇ ಗಂಭೀರವಾದದ್ದು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆಯುವ ಟಿಪ್ಪಣಿ. 20 ನೋಟ್‌ಬುಕ್ ತೆಗೆದುಕೊಂಡು ಟಿಪ್ಪಣಿಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ, ಹೆಸರು ಮುಚ್ಚಿ, ಇದು ಹುಡುಗನದೋ ಹುಡುಗಿಯದೋ ಎಂದು ಇನ್ನೊಬ್ಬ ಶಿಕ್ಷಕರಿಗೆ ಕೇಳಿ. ಕಣ್ಣು ಮುಚ್ಚಿ ಊಹಿಸಿದರೆ 10 ಸರಿ ಬರಬಹುದು. 15–16 ಸರಿ ಬಂದರೆ ನಮ್ಮ ಪದಗಳಿಗೇ ಲಿಂಗ ಅಂಟಿದೆ ಎಂದರ್ಥ. ‘ಅಚ್ಚುಕಟ್ಟಾಗಿದೆ’, ‘ಶ್ರಮ ಕಾಣುತ್ತದೆ’ ಒಂದು ಕಡೆ. ‘ಬುದ್ಧಿ ಚುರುಕಾಗಿದೆ, ಗಮನ ಕೊಡು’, ‘ಸೋಮಾರಿತನ ಬಿಟ್ಟರೆ ಮೇಲೆ ಬರುತ್ತೀಯ’ ಇನ್ನೊಂದು ಕಡೆ. 1978ರಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಮತ್ತು ಸಂಗಡಿಗರು ಗಮನಿಸಿದ್ದು ಇದನ್ನೇ. ಹುಡುಗರಿಗೆ ಬೀಳುವ ಬೈಗುಳದ ಹೆಚ್ಚಿನ ಪಾಲು ನಡತೆಗೆ, ಅಂದಗೇಡಿ ಬರಹಕ್ಕೆ; ಹುಡುಗಿಯರಿಗೆ ಸಿಗುವ ತಿದ್ದುಪಡಿ ಬಹುತೇಕ ಉತ್ತರದ ತಪ್ಪಿಗೆ. ಸೋತ ಹುಡುಗ ‘ನಾನು ಓದಲಿಲ್ಲ’ ಎಂದುಕೊಳ್ಳುತ್ತಾನೆ, ಸೋತ ಹುಡುಗಿ ‘ನನಗೆ ಬರುವುದಿಲ್ಲ’ ಎಂದುಕೊಳ್ಳುತ್ತಾಳೆ. ಗಣಿತ ಬಿಟ್ಟು ಹೋಗುವ ನಿರ್ಧಾರ ಇಂಥ ಸಣ್ಣ ವಾಕ್ಯಗಳಿಂದಲೇ ಕಟ್ಟಿಕೊಳ್ಳುತ್ತದೆ. ಟಿಪ್ಪಣಿ ಬರೆಯುವಾಗ ಮಗುವಿನ ಗುಣದ ಬದಲು ಉತ್ತರದ ಹೆಜ್ಜೆಯನ್ನು ಹೆಸರಿಸಿದರೆ ಸಾಕು: ‘ಮೂರನೇ ಹೆಜ್ಜೆಯಲ್ಲಿ ಚಿಹ್ನೆ ಬದಲಾಗಿದೆ, ಅಲ್ಲಿಂದ ಮತ್ತೆ ಮಾಡು’.

ಪಠ್ಯಪುಸ್ತಕದ ಮಾತಿಗೆ ಬಂದರೆ ಎಲ್ಲರೂ ಚಿತ್ರಗಳನ್ನು ಎಣಿಸುತ್ತಾರೆ. ಎಣಿಸಲಿ. ಆದರೆ ಚಿತ್ರಕ್ಕಿಂತ ಆಳಕ್ಕೆ ಇಳಿಯುವುದು ಲೆಕ್ಕದ ಪುಸ್ತಕದಲ್ಲಿರುವ ‘ಕೆಲಸ ಮತ್ತು ಕಾಲ’ದ ಸಮಸ್ಯೆ. ‘8 ಗಂಡಸರು ಅಥವಾ 12 ಹೆಂಗಸರು ಒಂದು ಕೆಲಸವನ್ನು 25 ದಿನಗಳಲ್ಲಿ ಮಾಡುತ್ತಾರೆ. ಅದೇ ಕೆಲಸವನ್ನು 6 ಗಂಡಸರು ಮತ್ತು 11 ಹೆಂಗಸರು ಸೇರಿ ಎಷ್ಟು ದಿನಗಳಲ್ಲಿ ಮಾಡುತ್ತಾರೆ?’ ಉತ್ತರ 15 ದಿನ. ಆದರೆ ಉತ್ತರಕ್ಕೆ ಹೋಗುವ ದಾರಿಯ ಮೊದಲ ಹೆಜ್ಜೆ ನೋಡಿ: 1 ಗಂಡಸು = 1.5 ಹೆಂಗಸು. ತರಗತಿಯ ಪ್ರತಿ ಹುಡುಗಿಯೂ ಇದನ್ನು ತನ್ನ ಕೈಯಾರೆ ಬರೆಯಬೇಕು, ಬರೆದರೆ ಮಾತ್ರ ಅಂಕ. ಕೂಲಿ ಕಡಿಮೆ ಕೊಡುವುದಕ್ಕೆ ಬೇಕಾದ ಸಮೀಕರಣವನ್ನು ಯಾವ ಭಾಷಣವೂ ಇಷ್ಟು ಸದ್ದಿಲ್ಲದೆ ಕಲಿಸಲಾರದು. ಗಂಡಸರ ಜಾಗದಲ್ಲಿ ದೊಡ್ಡ ಪಂಪು, ಹೆಂಗಸರ ಜಾಗದಲ್ಲಿ ಸಣ್ಣ ಪಂಪು ಎಂದು ಬರೆದು ಕೆಲಸವನ್ನು ಟ್ಯಾಂಕು ತುಂಬುವುದು ಎಂದು ಬದಲಿಸಿ, ದಿನದ ಬದಲು ನಿಮಿಷ ಎನ್ನಿ. ಒಂದು ಅಂಕಿಯೂ ಬದಲಾಗುವುದಿಲ್ಲ, ಗಣಿತಕ್ಕೆ ಕೂದಲೆಳೆಯಷ್ಟೂ ನಷ್ಟವಿಲ್ಲ.

ಕನ್ನಡದಲ್ಲಿ ಇನ್ನೊಂದು ವಿಶೇಷವಿದೆ. ನಮ್ಮ ಕ್ರಿಯಾಪದದ ತುದಿಯಲ್ಲೇ ಲಿಂಗ ಕೂತಿರುತ್ತದೆ. ‘ವಿಜ್ಞಾನಿ’ ಎಂಬ ಪದಕ್ಕೆ ಲಿಂಗವಿಲ್ಲ, ಆದರೆ ‘ವಿಜ್ಞಾನಿ ಪ್ರಯೋಗ ಮಾಡಿದನು’ ಎಂದ ಕೂಡಲೇ ಗಂಡಸಾಗುತ್ತಾನೆ. ‘ಮನುಷ್ಯನು ತನ್ನ ಬುದ್ಧಿಯಿಂದ ಬೆಂಕಿಯನ್ನು ಪಳಗಿಸಿದನು’ ಎಂದಾಗ ಮಾನವಕುಲದ ಅರ್ಧ ಭಾಗ ವಾಕ್ಯದ ಹೊರಗೆ ನಿಲ್ಲುತ್ತದೆ. ‘ಮನುಷ್ಯರು ಪಳಗಿಸಿದರು’ ಎಂಬ ಬಹುವಚನ ನಮ್ಮಲ್ಲೇ ಸಿದ್ಧವಾಗಿದೆ, ಯಾವ ಹೊಸ ಪದವನ್ನೂ ಟಂಕಿಸಬೇಕಿಲ್ಲ. ಆದ್ದರಿಂದ ಪಠ್ಯ ಪರಿಶೀಲಿಸುವವರು ಪ್ರತಿ ಪಾಠದಲ್ಲೂ ‘ನು’, ‘ಳು’, ‘ರು’ ಮೂರನ್ನೂ ಬೇರೆ ಬೇರೆ ಎಣಿಸಬೇಕು. ಗೌರವದ ‘ರು’ ಯಾರ ಪಾಲಿಗೆ, ಬರಿಯ ‘ಳು’ ಯಾರ ಪಾಲಿಗೆ ಎಂದು ನೋಡಬೇಕು. ಆಮೇಲೆ ಆ ಕ್ರಿಯಾಪದಗಳ ಅರ್ಥವನ್ನು ಎರಡು ಸಾಲಾಗಿ ಬರೆಯಬೇಕು: ಕಂಡುಹಿಡಿದರು, ಆಳಿದರು, ಕಟ್ಟಿಸಿದರು, ಪ್ರಶ್ನಿಸಿದರು ಒಂದು ಕಡೆ, ಬಡಿಸಿದಳು, ಕಾದಳು, ಅತ್ತಳು, ನೆರವಾದಳು ಇನ್ನೊಂದು ಕಡೆ. ಹೆಣ್ಣಿನ ಹೆಸರುಗಳ ಸಂಖ್ಯೆ ಹೆಚ್ಚಿಸಿ ಕ್ರಿಯಾಪದಗಳನ್ನು ಹಾಗೇ ಬಿಟ್ಟ ಪರಿಷ್ಕರಣೆ ಪರಿಷ್ಕರಣೆಯೇ ಅಲ್ಲ. ಪಠ್ಯಪುಸ್ತಕಗಳಿಂದ ಇಂಥ ಪಡಿಯಚ್ಚುಗಳನ್ನು ತೆಗೆಯಬೇಕು ಎಂಬುದು ಯಾರದೋ ಹೊಸ ಹಟವಲ್ಲ. 1979ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣಾ ಒಡಂಬಡಿಕೆಯ 10ನೇ ವಿಧಿಯಲ್ಲೇ ಇದೆ.

ಪಡಿಯಚ್ಚು ಎಷ್ಟು ಬೇಗ ಕೂರುತ್ತದೆ, ಎಷ್ಟು ನಿಧಾನವಾಗಿ ಬಿಡುತ್ತದೆ ಎಂಬುದಕ್ಕೆ ಮಕ್ಕಳ ಚಿತ್ರಗಳೇ ಸಾಕ್ಷಿ. ‘ಒಬ್ಬ ವಿಜ್ಞಾನಿಯ ಚಿತ್ರ ಬಿಡಿಸಿ’ ಎಂದು ಕೇಳಿ ಸಂಶೋಧಕ ಡೇವಿಡ್ ಚೇಂಬರ್ಸ್ ಸಂಗ್ರಹಿಸಿದ 4,807 ಮಕ್ಕಳ ಚಿತ್ರಗಳಲ್ಲಿ ಹೆಣ್ಣು ವಿಜ್ಞಾನಿ ಇದ್ದದ್ದು 28ರಲ್ಲಿ ಮಾತ್ರ. ಆ 28ನ್ನೂ ಬರೆದವರು ಹುಡುಗಿಯರು. ಅದು 1983ರಲ್ಲಿ ಪ್ರಕಟವಾದ ಲೆಕ್ಕ. ಮುಂದಿನ ಮೂರು ದಶಕಗಳಲ್ಲಿ ಅಮೆರಿಕದಲ್ಲಿ ನಡೆದ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಣ್ಣನ್ನು ಬರೆದ ಮಕ್ಕಳು ಸುಮಾರು ಶೇ 28. ಬದಲಾವಣೆ ಸಾಧ್ಯ, ಆದರೆ ತಾನಾಗಿ ಆಗುವುದಿಲ್ಲ.

ಪ್ರಯೋಗಾಲಯದಲ್ಲಿ ನೋಡಬೇಕಾದದ್ದು ಒಂದೇ: ಉಪಕರಣ ಯಾರ ಕೈಯಲ್ಲಿದೆ. ನಾಲ್ವರ ಗುಂಪಿನಲ್ಲಿ ಒಬ್ಬಳೇ ಹುಡುಗಿ ಇದ್ದರೆ, ‘ನಿನ್ನ ಅಕ್ಷರ ಚೆನ್ನಾಗಿದೆ’ ಎಂಬ ಒಂದು ಮಾತಿಗೆ ಅವಳು ವರ್ಷವಿಡೀ ಬರೆಯುವವಳಾಗಿ ಉಳಿಯುತ್ತಾಳೆ. ಸೂಕ್ಷ್ಮದರ್ಶಕದ ತಿರುಪು ತಿರುಗಿಸಿ ಮಸುಕಾದದ್ದು ಸ್ಪಷ್ಟವಾಗುವ ಆ ಕ್ಷಣ ಅವಳಿಗೆ ಸಿಗುವುದೇ ಇಲ್ಲ. ಗುಂಪು ಮಾಡುವಾಗ ಇಬ್ಬಿಬ್ಬರು ಇರಲಿ. ಉಪಕರಣ ಹಿಡಿಯುವುದು, ಅಳತೆ ಓದುವುದು, ಬರೆಯುವುದು, ತೊಳೆದಿಡುವುದು ಎಂಬ ನಾಲ್ಕು ಕೆಲಸಗಳ ಪಟ್ಟಿ ದಿನಾಂಕದ ಸಮೇತ ಗೋಡೆಯ ಮೇಲಿರಲಿ, ಪ್ರತಿ ಪ್ರಯೋಗಕ್ಕೂ ಸರದಿ ಬದಲಾಗಲಿ. ಬಾಯಿಮಾತಿನಲ್ಲಿ ‘ಬದಲಾಯಿಸಿಕೊಳ್ಳಿ’ ಎಂದರೆ ಯಾರೂ ಬದಲಾಯಿಸಿಕೊಳ್ಳುವುದಿಲ್ಲ. ಕಂಪ್ಯೂಟರಿನ ಮೌಸಿಗೂ ಇದೇ ಮಾತು.

ಇಷ್ಟೆಲ್ಲ ಸರಿಯಾದರೂ ಶಾಲೆಯ ಗೇಟಿನ ಹೊರಗಿನ ಹೊರೆ ಉಳಿಯುತ್ತದೆ. 5ರಿಂದ 14 ವರ್ಷದ ಹುಡುಗಿಯರು ಅದೇ ವಯಸ್ಸಿನ ಹುಡುಗರಿಗಿಂತ ಶೇ 40ರಷ್ಟು ಹೆಚ್ಚು ಸಮಯವನ್ನು ಮನೆಗೆಲಸಕ್ಕೆ, ನೀರು ಸೌದೆಗೆ ಕೊಡುತ್ತಾರೆ ಎಂದು ಯುನಿಸೆಫ್ 2016ರಲ್ಲಿ ಅಂದಾಜಿಸಿತು. ಮನೆಪಾಠ ಮಾಡಿಲ್ಲ ಎಂದು ಹುಡುಗಿಯನ್ನು ನಿಲ್ಲಿಸುವ ಮುನ್ನ ಇದು ನೆನಪಿರಬೇಕು. ಶಾಲೆಯ ಅವಧಿಯಲ್ಲೇ ಅರ್ಧ ಗಂಟೆ ಮನೆಪಾಠಕ್ಕೆ ಬಿಡುವುದು ಸಣ್ಣ ವ್ಯವಸ್ಥೆ, ಹಲವರಿಗೆ ಅದೇ ದೊಡ್ಡ ಆಸರೆ. ಶೌಚಾಲಯದ ವಿಷಯದಲ್ಲಿ ‘ಇದೆ’ ಎಂಬ ಉತ್ತರವನ್ನು ಯಾರೂ ಒಪ್ಪಬಾರದು. 25 ಹುಡುಗಿಯರಿಗೆ ಒಂದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಅದರ ಮೇಲೆ ಕೇಳಬೇಕಾದದ್ದು: ಚಿಲಕ ಒಳಗಿನಿಂದ ಬೀಳುತ್ತದೆಯೇ, ನೀರು ಒಳಗೇ ಬರುತ್ತದೆಯೇ, ಮುಚ್ಚಳವಿರುವ ಬುಟ್ಟಿ ಇದೆಯೇ, ಅದನ್ನು ಖಾಲಿ ಮಾಡುವ ಹೊಣೆ ಯಾರದು, ಬೀಗದ ಕೈ ಯಾರ ಹತ್ತಿರ? ಬೀಗದ ಕೈಯನ್ನು ಗಂಡು ಶಿಕ್ಷಕರ ಹತ್ತಿರ ಕೇಳಿ ಪಡೆಯಬೇಕಾದ ಶೌಚಾಲಯ ಲೆಕ್ಕದಲ್ಲಿ ಇದ್ದರೂ ಬಳಕೆಯಲ್ಲಿ ಇಲ್ಲ.

‘ಹಾಗಾದರೆ ಹುಡುಗರ ಗತಿ?’ ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು. ಹಲವು ದೇಶಗಳಲ್ಲಿ ಹುಡುಗರು ಓದುವುದರಲ್ಲಿ ಹಿಂದೆ ಬೀಳುತ್ತಿರುವುದು, ಶಾಲೆ ಬಿಡುತ್ತಿರುವುದು ನಿಜ. ಅದಕ್ಕೆ ಕಾರಣ ಹುಡುಗಿಯರ ಏಳಿಗೆಯಲ್ಲ. ಓದು ಹೆಣ್ಣುಮಕ್ಕಳ ಕೆಲಸ, ಗಂಡು ಅಳಬಾರದು, ಸಹಾಯ ಕೇಳಬಾರದು ಎಂಬ ಗಂಡಸುತನದ ಪಾಠವೂ ಬಾಯಿಬಿಟ್ಟು ಹೇಳದೆಯೇ ಶಾಲೆ ಕಲಿಸಿಬಿಡುವ ಅದೇ ಮರೆಯ ಪಠ್ಯದ ಇನ್ನೊಂದು ಅಧ್ಯಾಯ. ಚೀಟಿಯ ಡಬ್ಬಿ, ಮೂರು ಸೆಕೆಂಡಿನ ಮೌನ, ಖಾಲಿ ಚೌಕಗಳ ಹುಡುಕಾಟ ಹಿಂದಿನ ಬೆಂಚಿನ ಹುಡುಗನನ್ನೂ ಹೊರತರುತ್ತವೆ.

ತಮ್ಮಲ್ಲಿ ಕೋರಿಕೆ ಇಷ್ಟು. ಫಲಿತಾಂಶದ ಸುದ್ದಿಯ ಪಕ್ಕದಲ್ಲಿ ಮೂರು ಅಂಕಿ ಕೊಡಿ: ಒಂದನೇ ತರಗತಿಗೆ ಸೇರಿದ ಹುಡುಗಿಯರಲ್ಲಿ ಈ ಪರೀಕ್ಷೆಯವರೆಗೆ ಬಂದವರೆಷ್ಟು, ಉತ್ತೀರ್ಣರಾದವರಲ್ಲಿ ಮುಂದೆ ಯಾವ ವಿಷಯಕ್ಕೆ ಎಷ್ಟು ಮಂದಿ ಹೋದರು, ಓದು ಮುಗಿಸಿದವರಲ್ಲಿ ದುಡಿಮೆಗೆ ಸೇರಿದವರೆಷ್ಟು. ‘ಮೇಲುಗೈ’ ಎಂಬ ಪದವನ್ನು ದಯವಿಟ್ಟು ಬಿಡಿ. ಅದು ಹುಡುಗ ಹುಡುಗಿಯರನ್ನು ಕುಸ್ತಿಯ ಕಣಕ್ಕೆ ಇಳಿಸುತ್ತದೆ. ವಿದ್ಯಾರ್ಥಿಗಳಿಗಾಗಿ ಮಾದರಿ ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಮುನ್ನ ‘ಕೆಲಸ ಮತ್ತು ಕಾಲ’ದ ಸಮಸ್ಯೆಯನ್ನು ಒಮ್ಮೆ ಓದಿ ನೋಡಿ, ಗಂಡಸರು ಹೆಂಗಸರು ಇದ್ದ ಕಡೆ ಪಂಪುಗಳನ್ನು ಇಡಿ.

ಇತಿ,
ಶಿಕ್ಷಕರ ತರಬೇತಿಯಲ್ಲಿ ತೊಡಗಿರುವ ಓದುಗರು